ಓದುಗರ ಪ್ರಶ್ನೆ: ದೇಶದ ಚಿತ್ರಕ್ಕೆ ಪರದೆ ಕಟ್ಟುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಛಾಯಾಚಿತ್ರಗಳ ಬಗ್ಗೆ ಬರೆದಿದ್ದೆವು. ರವಿವರ್ಮನ ಲಕ್ಷ್ಮಿ, ಬ್ರಿಟಿಷರು ಅಳತೆ ಹಿಡಿದು ತೆಗೆದ ಬುಡಕಟ್ಟು ಹೆಂಗಸು, ಭಾರತಮಾತೆ, ವಾಸ್ಕೋ ಡ ಗಾಮಾ, ಹೀಗೆ ನಮ್ಮ ಕಣ್ಣಲ್ಲಿ ಕೂತುಬಿಟ್ಟಿರುವ ಚಿತ್ರಗಳನ್ನು ಆಯ್ದುಕೊಂಡು, ತಾವೇ ವೇಷ ತೊಟ್ಟು, ಪರದೆ ಕಟ್ಟಿಸಿ, ಮತ್ತೆ ತೆಗೆಸಿದವರು ಅವರು. ಆ ಬರಹಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಇದನ್ನು ಮಾಡುವುದು ಹೇಗೆ’ ಎಂದು ಕೇಳಿವೆ. ಈ ಬಗೆಯ ಚಿತ್ರದ ಅರ್ಥವೆಲ್ಲ ಅದನ್ನು ಕಟ್ಟುವ ಕೆಲಸದಲ್ಲೇ ಇರುವುದರಿಂದ ನಮಗೂ ಅದೇ ಸರಿಯಾದ ಪ್ರಶ್ನೆ ಅನ್ನಿಸಿತು.

ಇದು ಶಾಲೆಯ ವೇಷಭೂಷಣ ಸ್ಪರ್ಧೆಗಿಂತ ಹೇಗೆ ಬೇರೆ? ಅವರೇ ಕ್ಯಾಮೆರಾದ ಮುಂದೆ ನಿಂತರೆ ಕ್ಲಿಕ್ ಮಾಡಿದವರು ಯಾರು? ಚಿತ್ರ ಯಾರದು? (ತುಮಕೂರಿನ ಶಿಕ್ಷಕಿಯೊಬ್ಬರು)

ಸ್ಪರ್ಧೆಯಲ್ಲಿ ಝಾನ್ಸಿ ರಾಣಿಯಾದ ಮಗುವನ್ನು ನೋಡುವಾಗ ನಾವು ಮಗುವನ್ನು ಮರೆತು ರಾಣಿಯನ್ನು ಕಾಣಬೇಕು. ಪುಷ್ಪಮಾಲಾ ಅವರ ಚಿತ್ರದಲ್ಲಿ ಇಬ್ಬರೂ ಒಟ್ಟಿಗೆ ಕಾಣಬೇಕು: ಲಕ್ಷ್ಮಿಯೂ, ಲಕ್ಷ್ಮಿಯಂತೆ ನಿಂತಿರುವ ಇವತ್ತಿನ ಹೆಂಗಸೂ. ಆ ಸಣ್ಣ ಸಂದಿನಲ್ಲೇ ಅವರ ಕೆಲಸ ಇರುವುದು.

ಅವರು ಓದಿದ್ದು ಶಿಲ್ಪಕಲೆ, ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ದೇಹದ ಭಂಗಿ, ಭಾರ, ಬಟ್ಟೆಯ ಮಡಿಕೆ ಇವೆಲ್ಲ ಅವರಿಗೆ ಮೊದಲೇ ಕೈಗೆ ಹತ್ತಿದ ಸಂಗತಿಗಳು. 1996–98ರ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ ಸರಣಿಯಲ್ಲಿ ಹಳೆಯ ಸಾಹಸ ಸಿನಿಮಾಗಳ ನಟಿ ನಾಡಿಯಾಳನ್ನು ನೆನಪಿಸುವ ಮುಖವಾಡದ ನಾಯಕಿಯಾದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ದೊಡ್ಡ ಸರಣಿ ಮಾಡಿದರು. ರವಿವರ್ಮನ ಕಲಾಕೃತಿ, ವಿಜಯಪುರದ ಆದಿಲಶಾಹಿ ಕಾಲದ ಯೋಗಿನಿಯ ಚಿತ್ರ, ವೇಲಾಂಕಣಿ ಮಾತೆಯ ಪಟ, ಪತ್ರಿಕೆಯಲ್ಲಿ ಬಂದ ಕಳ್ಳತನದ ಆರೋಪಿಗಳ ಫೋಟೊ, ಸಿನಿಮಾ ಸ್ಟಿಲ್ಲು, ಎಲ್ಲವೂ ಅದರಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ದೇವಿಯೂ ಆರೋಪಿಯೂ ಒಬ್ಬಳೇ ಹೆಂಗಸಿನ ಮುಖ ಹೊತ್ತು ಪಕ್ಕಪಕ್ಕ ಬಂದಾಗ, ‘ದಕ್ಷಿಣ ಭಾರತದ ಹೆಣ್ಣು’ ಎಂಬ ಮಾತು ಎಷ್ಟೊಂದು ಕೈಗಳಲ್ಲಿ ತಯಾರಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕ್ಲಿಕ್ಕಿನ ವಿಷಯ. ಆ ಸರಣಿಯನ್ನು ಇಬ್ಬರ ಹೆಸರಿನಲ್ಲೂ ಪ್ರದರ್ಶಿಸುತ್ತಾರೆ. ನೀವು ಇಂಥ ಕೆಲಸ ಮಾಡುವುದಾದರೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಎಂದರೆ ಅದನ್ನು ತೆಗೆದವರು. ಆದರೆ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮೊದಲ ಹಕ್ಕು ತೆಗೆಸಿದವರದು. ಸ್ನೇಹಿತರು ಬಿಟ್ಟಿಯಾಗಿ ಬಂದು ಕ್ಲಿಕ್ ಮಾಡಿಕೊಟ್ಟರೆ ಆ ನಿಯಮ ನಿಮ್ಮ ನೆರವಿಗೆ ಬರುವುದಿಲ್ಲ, ಹಕ್ಕು ಅವರದೇ ಆಗಿಬಿಡುತ್ತದೆ. ಜಗಳ ಶುರುವಾಗುವುದೇ ಇಲ್ಲಿ. ಪರಿಕಲ್ಪನೆ ಯಾರದು, ಬೆಳಕು ಯಾರದು, ಪರದೆ ಬರೆದವರು ಯಾರು, ಬಣ್ಣ ಹಚ್ಚಿದವರು ಯಾರು, ಚಿತ್ರ ಮಾರಾಟವಾದರೆ ಯಾರಿಗೆಷ್ಟು ಎಂಬುದಕ್ಕೆ ಒಂದು ಪುಟ ಸಾಕು.

ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಪಟವನ್ನು ನಮ್ಮ ಸ್ಟುಡಿಯೋದಲ್ಲಿ ಹಾಗೆಯೇ ಮರುಸೃಷ್ಟಿ ಮಾಡಬೇಕೆಂದಿದ್ದೇವೆ. ಎರಡು ಸಲ ತೆಗೆದೆವು, ‘ದಸರಾ ಗೊಂಬೆ’ಯಂತೆ ಬಂತು. ಎಲ್ಲಿ ತಪ್ಪುತ್ತಿದೆ? (ದಾವಣಗೆರೆಯ ಸ್ಟುಡಿಯೋ ಮಾಲೀಕರು)

ನೀವು ಕಳಿಸಿದ ಎರಡು ಫೋಟೊಗಳಲ್ಲಿ ಮೂರು ತೊಂದರೆ ಕಾಣುತ್ತವೆ: ಲೆನ್ಸು, ಬೆಳಕಿನ ದಿಕ್ಕು, ಕೈಗಳು. ಒಂದೊಂದಾಗಿ ನೋಡೋಣ.

ಮೊದಲು ಮೂಲಚಿತ್ರ ಎಂಥದ್ದು ಎಂಬುದು ತಿಳಿದಿರಬೇಕು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಶುರುಮಾಡಿದ. ಆಮೇಲೆ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಗಿ, ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ಅಲ್ಲಿ ಅಚ್ಚಾಗಿದ್ದು ಕಲ್ಲಚ್ಚಿನ ಚಿತ್ರಗಳು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಬಣ್ಣದ ಮೇಲೆ ಬಣ್ಣ ಚುಕ್ಕಿಚುಕ್ಕಿಯಾಗಿ ಕೂತು ಮೈಬಣ್ಣ ತಯಾರಾಗುತ್ತದೆ. ಭೂತಗನ್ನಡಿ ಹಿಡಿದರೆ ಕೆನ್ನೆಯ ಮೇಲೆ ಗುಲಾಬಿ, ಹಳದಿ, ತಿಳಿನೀಲಿ ಚುಕ್ಕಿಗಳು ಬೇರೆಬೇರೆಯಾಗಿ ಕಾಣುತ್ತವೆ. ಕಲ್ಲು ಕೂದಲೆಳೆಯಷ್ಟು ಜರುಗಿದ್ದರೆ ತುಟಿಯ ಅಂಚಿನಲ್ಲಿ ಇನ್ನೊಂದು ಬಣ್ಣದ ಗೆರೆ ಇಣುಕುತ್ತದೆ. ಅಂದರೆ ಆ ಪಟದ ಬೆಳಕು ಮೆದು, ನೆರಳು ತಿಳಿ, ಹೊಳಪು ಬಹಳ ಕಡಿಮೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ತೈಲಚಿತ್ರಗಳನ್ನು ನೋಡಿ, ಅದೇ ಕಣ್ಣಿನಲ್ಲಿ ಅಚ್ಚಿನ ಪಟ ನೋಡಿ. ತೈಲದ ಆಳ ಅಚ್ಚಿನಲ್ಲಿಲ್ಲ. ನೀವು ತೈಲಚಿತ್ರದ ಬೆಳಕಿಟ್ಟು ಅಚ್ಚಿನ ಪಟ ತೆಗೆಯಲು ಹೋಗಿದ್ದೀರಿ.

ಲೆನ್ಸು. ನಿಮ್ಮದು 24 ಮಿ.ಮೀ. ಇರಬೇಕು, ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್ ಹಾಕಿ, ವ್ಯಕ್ತಿಯಿಂದ 6 ಮೀಟರ್ ದೂರ ನಿಲ್ಲಿ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ವ್ಯಕ್ತಿ ಇರುವ ಜಾಗದಲ್ಲಿ ಸುಮಾರು 2.5 ಮೀಟರ್ ಎತ್ತರ, 1.7 ಮೀಟರ್ ಅಗಲ ಸಿಗುತ್ತದೆ. ಕಮಲದ ಪೀಠವೂ ಸೇರಿ ಇಡೀ ಆಕೃತಿಗೆ ಇಷ್ಟು ಸಾಕು. ಪರದೆ ಅವರ ಹಿಂದೆ 2 ಮೀಟರ್ ದೂರವಿರಲಿ, ಆಗ ಅವರ ನೆರಳು ಪರದೆಯ ಮೇಲೆ ಎದ್ದು ಕಾಣುವುದಿಲ್ಲ. ಅಷ್ಟು ದೂರದಲ್ಲಿ ಲೆನ್ಸಿಗೆ ಕಾಣುವ ಪರದೆ 2.3 ಮೀಟರ್ ಅಗಲ, 3.4 ಮೀಟರ್ ಎತ್ತರ. ಆದ್ದರಿಂದ 8 ಅಡಿ ಅಗಲ, 12 ಅಡಿ ಎತ್ತರದ ಪರದೆ ಬೇಕು. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8ರಲ್ಲಿದ್ದರೆ ಫೋಕಸ್ ಸುಮಾರು 7.5 ಮೀಟರಿಗೇ ನಿಲ್ಲುತ್ತದೆ, ಪರದೆ ಮಸುಕಾಗುತ್ತದೆ. ಎಫ್/11ಕ್ಕೆ ಹೋದರೆ 8.2 ಮೀಟರ್‌ವರೆಗೂ ಸ್ಪಷ್ಟ. ಪರದೆ ಸ್ಪಷ್ಟವಾಗಿಯೇ ಇರಬೇಕು. ಹಿನ್ನೆಲೆ ಮಸುಕಾಗಿಸಿದರೆ ಅದು ಮದುವೆ ಆಲ್ಬಮ್ಮಿನ ಫೋಟೊ ಆಗುತ್ತದೆ, ಪಟ ಆಗುವುದಿಲ್ಲ.

ಕೋಣೆ ಅಷ್ಟು ಉದ್ದ ಇಲ್ಲವೇ? 50 ಮಿ.ಮೀ. ಲೆನ್ಸಿನಲ್ಲಿ 3.5 ಮೀಟರಿಗೆ ಬಂದರೂ ಅಷ್ಟೇ ಎತ್ತರ ಸಿಗುತ್ತದೆ. ಪರದೆ 1.5 ಮೀಟರ್ ಹಿಂದಿದ್ದರೆ ಎಫ್/8 ಸಾಕು. ಆದರೆ 50 ಸೆಂ.ಮೀ. ಮುಂದೆ ಚಾಚಿದ ಕೈ ಅಲ್ಲಿ ಶೇ. 17ರಷ್ಟು ದೊಡ್ಡದಾಗಿ ಕಾಣುತ್ತದೆ. 6 ಮೀಟರಿನಿಂದ ತೆಗೆದರೆ ಶೇ. 9 ಮಾತ್ರ. ಹಾಗಾಗಿ ಚಿಕ್ಕ ಕೋಣೆಯಲ್ಲಿ ಅಭಯಹಸ್ತವನ್ನು ಮೈಗೆ ಹತ್ತಿರವೇ ಹಿಡಿಸಿ.

ಪರದೆಗೆ ಮಾಂಜರಪಾಟ್ ಬಟ್ಟೆ ತನ್ನಿ. ಒಗೆದು, ಒಣಗಿಸಿ, ಚೌಕಟ್ಟಿಗೆ ಬಿಗಿದು, ಅಂಟು ಬೆರೆಸಿದ ಬಿಳಿ ಡಿಸ್ಟೆಂಪರ್ ಒಂದು ಕೈ ಹೊಡೆದ ಮೇಲೆ ಬರೆಸಿ. ಎನಾಮಲ್ ಬೇಡ, ಫ್ಲ್ಯಾಶ್ ಬಿದ್ದಲ್ಲೆಲ್ಲ ಮಿಂಚುತ್ತದೆ. ಬರೆದ ಪರದೆಯನ್ನು ಮಡಿಸಬೇಡಿ, ಬಿದಿರಿಗೋ ಪಿವಿಸಿ ಕೊಳವೆಗೋ ಸುತ್ತಿಡಿ. ಒಮ್ಮೆ ಮಡಿಕೆ ಬಿದ್ದರೆ ಬಣ್ಣ ಬಿರಿದು ಆ ಗೆರೆ ಹೋಗುವುದೇ ಇಲ್ಲ. ಕಂಪನಿ ನಾಟಕಗಳಿಗೆ ಪರದೆ ಬರೆಯುವವರು ನಿಮ್ಮ ಕಡೆ ಇನ್ನೂ ಇದ್ದಾರೆ, ಫ್ಲೆಕ್ಸ್ ಮುದ್ರಿಸುವ ಮುನ್ನ ಅವರನ್ನು ಹುಡುಕಿ. ಅವರ ಕೈಯ ಕುಂಚದ ಗುರುತು ಚಿತ್ರದಲ್ಲಿ ಉಳಿಯುತ್ತದೆ, ಅದು ಉಳಿಯಲೇಬೇಕು.

ಬೆಳಕು. ಪರದೆ ಬರೆಸುವ ಮುಂಚೆಯೇ ಬೆಳಕು ಎಡದಿಂದಲೋ ಬಲದಿಂದಲೋ ತೀರ್ಮಾನಿಸಿ, ಚಿತ್ರಕಾರರಿಗೆ ಹೇಳಿ. ನಿಮ್ಮ ಫೋಟೊದಲ್ಲಿ ಪರದೆಯ ಮರಗಳಿಗೆ ಬಲಗಡೆಯಿಂದ ಬಿಸಿಲು, ಲಕ್ಷ್ಮಿಗೆ ಎಡಗಡೆಯಿಂದ. ಗೊಂಬೆ ಅನ್ನಿಸಲು ಮುಖ್ಯ ಕಾರಣ ಇದೇ. 5 ಅಡಿಯ ಸಾಫ್ಟ್‌ಬಾಕ್ಸ್ ಅಥವಾ ಕೊಡೆ 45 ಡಿಗ್ರಿಯಲ್ಲಿ, ತಲೆಗಿಂತ ಎರಡಡಿ ಮೇಲೆ. ಎದುರಿನ ನೆರಳು ತಿಳಿಗೊಳಿಸಲು ಕ್ಯಾಮೆರಾದ ಪಕ್ಕದಿಂದ ಒಂದು ಸ್ಟಾಪ್ ಕಡಿಮೆಯ, ಅಂದರೆ ಅರ್ಧದಷ್ಟು ತೀವ್ರತೆಯ, ಇನ್ನೊಂದು ಬೆಳಕು. ಅದಿಲ್ಲದಿದ್ದರೆ 4 ಅಡಿ ಉದ್ದದ ಬಿಳಿ ಥರ್ಮಾಕೋಲ್ ಹಾಳೆ ಸಾಕು. ಪರದೆಗೆ ಬೇರೆಯೇ ಒಂದು ಬೆಳಕು, ಮುಖ್ಯ ಬೆಳಕು ಇರುವ ಬದಿಯಿಂದಲೇ.

ಇನ್ನು ನಾಲ್ಕು ಕೈ. ಬಟ್ಟೆ ಅಂಗಡಿಯ ಗೊಂಬೆಯ ಕೈ ಬಳಸಿದ್ದೀರಿ, ಬೆರಳುಗಳು ಕಮಲವನ್ನು ಹಿಡಿದಿಲ್ಲ, ಕಮಲವನ್ನು ಅವಕ್ಕೆ ತುರುಕಿದಂತಿದೆ. ಅದೇ ಹೆಂಗಸಿನ ಕೈಗೆ, ಅದೇ ಭಂಗಿಯಲ್ಲಿ, ಹಲ್ಲಿನ ವೈದ್ಯರು ಅಚ್ಚು ತೆಗೆಯಲು ಬಳಸುವ ಆಲ್ಜಿನೇಟ್ ಪುಡಿಯಿಂದ ಅಚ್ಚು ತೆಗೆಯಿರಿ. ತಣ್ಣೀರಿನಲ್ಲಿ ಕಲಸಿದರೆ ಗಟ್ಟಿಯಾಗುವ ಮುನ್ನ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಕೈ ಹೊರತೆಗೆದ ಕೂಡಲೇ ಅದಕ್ಕೆ ಪ್ಲಾಸ್ಟರ್ ಹೊಯ್ಯಬೇಕು, ತಡಮಾಡಿದರೆ ಆಲ್ಜಿನೇಟ್ ಒಣಗಿ ಕುಗ್ಗುತ್ತದೆ, ಬೆರಳು ಸಣ್ಣಗಾಗುತ್ತವೆ. ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಯಾರ ಕೈಯನ್ನೂ ನೇರವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಕೆಟ್ಟಿನಲ್ಲಿ ಅದ್ದಿಸಬೇಡಿ. ಅದು ಗಟ್ಟಿಯಾಗುವಾಗ ಹುಟ್ಟುವ ಕಾವು ಬೆರಳುಗಳನ್ನೇ ಕಳೆಯುವಷ್ಟು ಸುಡಬಲ್ಲದು.

ಪ್ಲಾಸ್ಟರ್ ಕೈ ಭಾರ. ಅದರಿಂದ ಮತ್ತೆ ಅಚ್ಚು ತೆಗೆದು ಕಾಗದದ ತಿರುಳಿನಲ್ಲೋ ಫೈಬರಿನಲ್ಲೋ ಟೊಳ್ಳಾಗಿ ಮಾಡಿಸಿ, ಎರಡೂ ಕೈ ಸೇರಿ 2 ಕಿಲೋ ಮೀರಬಾರದು. ಬೆನ್ನಿಗೆ ಅಗಲವಾದ ಪಟ್ಟಿ ಬಿಗಿದು, ಭುಜದ ಮೂಳೆಯ ಕೆಳಗಿನಿಂದ ಕೈ ಹೊರಡುವಂತೆ ಜೋಡಿಸಿ. ಭುಜದ ಮೇಲಿಂದ ಹೊರಟರೆ ರೆಕ್ಕೆಯಂತೆ ಕಾಣುತ್ತದೆ. ಕೂಡುವ ಜಾಗವನ್ನು ಬಿಚ್ಚುಗೂದಲು, ಹಾರ ಮುಚ್ಚುತ್ತವೆ. ನಿಜವಾದ ಕೈಗೂ ಸುಳ್ಳು ಕೈಗೂ ಒಂದೇ ಪ್ಯಾನ್‌ಕೇಕ್ ಮೇಕಪ್ ಹಚ್ಚಿ, ಒಂದೇ ಪೌಡರ್ ಹಾಕಿ. ಇಷ್ಟಾದರೂ ಕ್ಯಾಮೆರಾಕ್ಕೆ ಎರಡರ ವ್ಯತ್ಯಾಸ ಸ್ವಲ್ಪ ತಿಳಿದೇ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಅಳಿಸಬೇಡಿ ಎಂಬುದು ನಮ್ಮ ಕೋರಿಕೆ. ಮನೆಮನೆಯ ದೇವರ ಗೂಡಿನಲ್ಲಿರುವ ಆ ಮುಖವನ್ನು ಯಾರೋ ಒಬ್ಬ ಕಲಾವಿದ ಯಾರೋ ಒಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಂಬುದನ್ನು ನೆನಪಿಸುವುದು ಆ ವ್ಯತ್ಯಾಸವೇ.

ಸೀರೆಗೆ ಪಾಲಿಯೆಸ್ಟರ್ ಜಾರ್ಜೆಟ್ ಬೇಡ. ರೇಷ್ಮೆ ಅಥವಾ ಗಂಜಿ ಹಾಕಿದ ಹತ್ತಿ ಇರಲಿ. ಪಟದ ನೆರಿಗೆಗಳು ಕುಂಚದಲ್ಲಿ ಬಿದ್ದವು, ಭೂಮಿಯ ಸೆಳೆತಕ್ಕೆ ಸಿಕ್ಕಿದವಲ್ಲ. ಅದಕ್ಕೇ ಹಿಂದಿನಿಂದ ಪಿನ್ನು, ಬಟ್ಟೆ ಕ್ಲಿಪ್ಪು ಧಾರಾಳವಾಗಿ ಬಳಸಿ. ಹಕ್ಕಿನ ಭಯ ಬೇಡ. ಚಿತ್ರಕಾರರ ಕೃತಿಸ್ವಾಮ್ಯ ಅವರು ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತದೆ, ರವಿವರ್ಮ ತೀರಿದ್ದು 1906ರಲ್ಲಿ.

ಪುಷ್ಪಮಾಲಾ ನೀಲಗಿರಿಯ ತೊದವ ಬುಡಕಟ್ಟಿನ ಹೆಂಗಸಾಗಿ ನಿಂತ ಚಿತ್ರದ ಹಿಂದೆ ಚೌಕಚೌಕದ ಗೆರೆಗಳಿದ್ದವು. ಅದು ಅಲಂಕಾರವೋ, ಅರ್ಥ ಇದೆಯೋ? ನಮ್ಮ ಮಾನವಶಾಸ್ತ್ರ ವಿಭಾಗದ ಪ್ರದರ್ಶನಕ್ಕೆ ಅಂಥದೊಂದನ್ನು ಮಾಡಬಹುದೇ? (ಮೈಸೂರಿನ ಎಂ.ಎ. ವಿದ್ಯಾರ್ಥಿ)

ಅರ್ಥ ಇದೆ, ಅದರ ಹಿಂದೆ ಒಂದು ಶತಮಾನದ ನೋವೂ ಇದೆ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಲಂಡನ್ನಿನಲ್ಲಿ ಒಂದು ಪದ್ಧತಿ ಪ್ರಕಟಿಸಿದ. 7 ಅಡಿ ಎತ್ತರ, 3 ಅಡಿ ಅಗಲದ ಗಟ್ಟಿ ಮರದ ಚೌಕಟ್ಟು. ಒಳಅಂಚಿನಲ್ಲಿ 2 ಇಂಚಿಗೊಂದು ಮೊಳೆ. ಮೊಳೆಯಿಂದ ಮೊಳೆಗೆ ರೇಷ್ಮೆ ದಾರ. ಅದರ ಮುಂದೆ ಮನುಷ್ಯರನ್ನು ಬೆತ್ತಲೆ ನಿಲ್ಲಿಸಿ ಫೋಟೊ ತೆಗೆದರೆ ಯಾವ ‘ಜನಾಂಗ’ದವರ ಮೈಯನ್ನಾದರೂ ಇನ್ನೊಂದರ ಜೊತೆ ಹೋಲಿಸಬಹುದು ಎಂಬುದು ಲೆಕ್ಕ. ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್ 1890ರ ದಶಕದಲ್ಲಿ 2 ಇಂಚಿನ ಚೌಕಗಳ ಹಲಗೆಯನ್ನು ಹಿಂದಿಟ್ಟು ಅಲ್ಲಿನವರನ್ನು ತೆಗೆದ. ಇದಕ್ಕೂ ಮೊದಲು, 1857ರ ದಂಗೆಯ ಬಳಿಕ, ಸರ್ಕಾರವೇ 1868ರಿಂದ 1875ರ ನಡುವೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟ ಹೊರತಂದಿತ್ತು. 468 ಫೋಟೊಗಳು. ಎಷ್ಟೋ ಪುಟಗಳಲ್ಲಿ ಮನುಷ್ಯರ ಹೆಸರಿಲ್ಲ, ಜಾತಿಯ ಹೆಸರಿದೆ. ಜೊತೆಗೆ ನಂಬಬಹುದೇ, ಬಾರದೇ ಎಂಬ ಷರಾ.

ಚೌಕಟ್ಟು ಮಾಡುವುದು ಸುಲಭ. 2 ಇಂಚು ದಪ್ಪದ ಮರ ತನ್ನಿ. ಸಣ್ಣ ರೀಪರ್ ಬಳಸಿದರೆ ದಾರದ ಎಳೆತಕ್ಕೆ ನಡುವೆ ಒಳಕ್ಕೆ ಬಾಗುತ್ತದೆ, ಮೊದಲು ಕಟ್ಟಿದ ದಾರಗಳು ಸಡಿಲವಾಗುತ್ತವೆ. ನಾಲ್ಕು ಮೂಲೆಗೂ ತ್ರಿಕೋನದ ಪಟ್ಟಿ ಹೊಡೆಸಿ. ಅಡ್ಡಕ್ಕೆ 41 ದಾರ, ಉದ್ದಕ್ಕೆ 17, ಒಟ್ಟು 242 ಅಡಿ. ಗಂಟು ಹಾಕಲು, ಮೊಳೆಗೆ ಸುತ್ತಲು ಸೇರಿಸಿ 300 ಅಡಿ ಇಟ್ಟುಕೊಳ್ಳಿ. ನಡುವಿನಿಂದ ಎರಡೂ ಕಡೆಗೆ ಕಟ್ಟುತ್ತ ಹೋದರೆ ಎಳೆತ ಸಮನಾಗುತ್ತದೆ.

ಈಗ ಗಮನಿಸಬೇಕಾದ ಮಾತು. ಕ್ಯಾಮೆರಾದಿಂದ ವ್ಯಕ್ತಿ 4 ಮೀಟರ್ ದೂರ, ಚೌಕಟ್ಟು ಅವರಿಗಿಂತ 30 ಸೆಂ.ಮೀ. ಹಿಂದೆ ಎಂದಿಟ್ಟುಕೊಳ್ಳಿ. 4.3ನ್ನು 4ರಿಂದ ಭಾಗಿಸಿ: 1.075. ಅಂದರೆ 160 ಸೆಂ.ಮೀ. ಎತ್ತರದ ಹೆಂಗಸು ಆ ಚೌಕಗಳ ಮೇಲೆ 172 ಸೆಂ.ಮೀ. ಎಂದು ಓದಿಬರುತ್ತಾಳೆ. 6 ಮೀಟರಿಗೆ ಹೋದರೂ 168. ಹಿಮ್ಮಡಿ ಚೌಕಟ್ಟಿಗೆ ತಾಗಿಸಿ ನಿಲ್ಲಿಸಿದರೂ ಮೂಗು ಒಂದು ಗೇಣು ಮುಂದೆಯೇ ಇರುತ್ತದೆ, ಮುಖದ ಅಳತೆ ತಪ್ಪುತ್ತದೆ. ವಿಜ್ಞಾನದ ಖಚಿತತೆಯ ಗುರುತಾಗಿ ನಿಂತ ಗೆರೆಗಳೇ ಅಳತೆಯನ್ನು ಕೆಡಿಸುತ್ತಿದ್ದವು. ಆದರೂ ಗೆರೆಗಳ ಮುಂದೆ ನಿಂತವರು ‘ಮಾದರಿ’ಯಾಗಿಬಿಟ್ಟರು. ನಿಮ್ಮ ಪ್ರದರ್ಶನದಲ್ಲಿ ಈ ಲೆಕ್ಕವನ್ನು ಅಳತೆಪಟ್ಟಿಯ ಸಮೇತ ತೋರಿಸಿ. ಚೌಕಟ್ಟು, ಅದರಿಂದ 30 ಸೆಂ.ಮೀ. ಮುಂದೆ ನೆಲದ ಮೇಲೆ ಒಂದು ಸುಣ್ಣದ ಗೆರೆ, ಚೌಕಟ್ಟಿಗೆ ತಾಗಿ ಒಮ್ಮೆ, ಗೆರೆಯ ಮೇಲೆ ಒಮ್ಮೆ ನಿಂತ ಒಬ್ಬರದೇ ಎರಡು ಫೋಟೊ.

ನಿಲ್ಲುವವರು ಯಾರು ಎಂಬುದು ಮುಖ್ಯ. ಪುಷ್ಪಮಾಲಾ ಆ ಗೆರೆಗಳ ಮುಂದೆ ನಿಲ್ಲಿಸಿದ್ದು ತಮ್ಮದೇ ದೇಹವನ್ನು. ನೀವೂ, ನಿಮ್ಮ ಸಹಪಾಠಿಗಳೂ, ಒಪ್ಪಿದರೆ ಪ್ರಾಧ್ಯಾಪಕರೂ ನಿಲ್ಲಿ. ಹಾಡಿಯಿಂದ ಯಾರನ್ನೋ ಕರೆತಂದು ನಿಲ್ಲಿಸಿದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಮೂಲ ಫೋಟೊಗಳಲ್ಲಿರುವ ಬೆತ್ತಲೆ ಮೈಗಳನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವುದೂ ಬೇಡ.

ಆಗಸ್ಟ್ 15ಕ್ಕೆ ಭಾರತಮಾತೆಯ ಫೋಟೊ ಮಾಡುತ್ತಿದ್ದೇವೆ. ತ್ರಿವರ್ಣದ ಸೀರೆ, ಹಿಂದೆ ದೇಶದ ಭೂಪಟ. ಕಾನೂನಿನ ತೊಡಕೇನಾದರೂ ಇದೆಯೇ? (ಹುಬ್ಬಳ್ಳಿಯ ಕಾಲೇಜು ನಾಟಕ ತಂಡ)

ಮೊದಲು ಯಾವ ವರ್ಷದ ಭಾರತಮಾತೆ ಎಂದು ತೀರ್ಮಾನಿಸಿ. ಅವನೀಂದ್ರನಾಥ ಟಾಗೋರ್ 1905ರಲ್ಲಿ, ಬಂಗಾಳ ವಿಭಜನೆಯ ಕಾಲಕ್ಕೆ, ಬರೆದ ಚಿತ್ರದಲ್ಲಿ ಆಕೆ ಕಾವಿ ಉಟ್ಟ ಸಾಧ್ವಿ. ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿ ಬಟ್ಟೆ, ಜಪಮಾಲೆ. ಸಿಂಹವಿಲ್ಲ, ಭೂಪಟವಿಲ್ಲ, ಬಾವುಟವೂ ಇಲ್ಲ. ಈಗಿನ ತ್ರಿವರ್ಣ ಧ್ವಜ ಅಂಗೀಕಾರವಾದದ್ದು 22 ಜುಲೈ 1947ರಂದು. ‘1905ರ ಭಾರತಮಾತೆ’ ಎಂದು ಬರೆದು ಅಶೋಕಚಕ್ರ ತೋರಿಸಿದರೆ ಇತಿಹಾಸ ತಪ್ಪುತ್ತದೆ. ಮುಂದೆ ಬಂದ ಪೋಸ್ಟರುಗಳಲ್ಲಿ ಆಕೆ ಬೇರೆ ಬೇರೆ ರೂಪ ತಾಳಿದಳು. ಪುಷ್ಪಮಾಲಾ ತಮ್ಮ ‘ಮದರ್ ಇಂಡಿಯಾ’ ಕೃತಿಗಳಲ್ಲಿ ಒಂದೊಂದು ಕಾಲದ ಒಂದೊಂದು ರೂಪವನ್ನು ಬೇರೆಬೇರೆಯಾಗಿ ಇಡುವುದು ಇದಕ್ಕೇ. ನಮ್ಮ ನಾಡಗೀತೆಯಲ್ಲಿ ಕರ್ನಾಟಕ ಮಾತೆ ಭಾರತ ಜನನಿಯ ಮಗಳು. ತಾಯಿ ಭುವನೇಶ್ವರಿಯ ಪಟಗಳೂ ಇದೇ ಎರಕದವು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ತಂಡಕ್ಕೆ ಒಳ್ಳೆಯ ವಸ್ತು ಸಿಗುತ್ತದೆ.

ಕಾನೂನು. 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆಯ ಪ್ರಕಾರ ಧ್ವಜವನ್ನು ಸೊಂಟದ ಕೆಳಗೆ ತೊಡುವ ಉಡುಪಿನ ಭಾಗವಾಗಿ ಬಳಸುವಂತಿಲ್ಲ, ಉಡುಪಿನ ಬಟ್ಟೆಯ ಮೇಲೆ ಮುದ್ರಿಸುವಂತಿಲ್ಲ, ಕಸೂತಿ ಹಾಕುವಂತಿಲ್ಲ. ಶಿಕ್ಷೆ ಮೂರು ವರ್ಷದವರೆಗೂ ಇದೆ. ಮೂರು ಬಣ್ಣಗಳಿದ್ದ ಮಾತ್ರಕ್ಕೆ ಸೀರೆ ಧ್ವಜವಾಗುವುದಿಲ್ಲ, ಆದರೆ ಅದಕ್ಕೆ ಚಕ್ರ ಸೇರಿಸಿದರೆ ತೊಂದರೆಯನ್ನು ಕರೆದು ತಂದಂತೆ. ಬಿಳಿ ಅಥವಾ ಕಾವಿ ಸೀರೆ ಉಡಿಸಿ, ಧ್ವಜವನ್ನು ಕೋಲಿಗೆ ಕಟ್ಟಿ ಕೈಯಲ್ಲಿ ನೇರವಾಗಿ ಹಿಡಿಸಿ. ಅಳತೆ 3:2 ಇರಲಿ, ನೆಲಕ್ಕೆ ತಾಗದಿರಲಿ, ಕೇಸರಿ ಮೇಲಿರಲಿ. ಖಾದಿ ಧ್ವಜ ನಿಮ್ಮೂರ ಬೆಂಗೇರಿಯಲ್ಲೇ ತಯಾರಾಗುತ್ತದೆ, ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಭೂಪಟವನ್ನು ಕೈಯಲ್ಲಿ ಅಂದಾಜಿಗೆ ಬರೆಸಬೇಡಿ. ಸರ್ವೇ ಆಫ್ ಇಂಡಿಯಾದ ಗಡಿಗೆ ಹೊಂದದ ಭೂಪಟ ಪ್ರಕಟಿಸುವುದು 1961ರ ಕಾಯ್ದೆಯಂತೆ ಅಪರಾಧ. ಅವರದೇ ಭೂಪಟವನ್ನು ಪ್ರೊಜೆಕ್ಟರಿನಲ್ಲಿ ಬಟ್ಟೆಯ ಮೇಲೆ ಬಿಟ್ಟು ಗೆರೆ ಎಳೆಯಿರಿ.

1905ರ ಚಿತ್ರವನ್ನೇ ಆರಿಸಿಕೊಂಡರೆ ಬೆಳಕಿನಲ್ಲಿ ಒಂದು ಬದಲಾವಣೆ ಬೇಕು. ಅದು ತೆಳು ಜಲವರ್ಣದ ಪದರಗಳಲ್ಲಿ ಬರೆದದ್ದು, ಗಡುಸು ನೆರಳೇ ಇಲ್ಲ. ದೀಪದ ಮುಂದೆ ಮಲ್ ಬಟ್ಟೆ ಎರಡು ಪದರ ಕಟ್ಟಿ. ಪಂಚೆಯೂ ಆದೀತು, ಆದರೆ ದೀಪಕ್ಕೆ ಎರಡಡಿಗಿಂತ ಹತ್ತಿರ ಬೇಡ. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದವರು. ಬೆಂಗಳೂರಿಗೆ ಹೋದಾಗ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಜಲವರ್ಣಗಳು ನೋಡಲು ಸಿಕ್ಕರೆ ಆ ಪದರಗಳು ಹೇಗಿರುತ್ತವೆ ಎಂಬುದು ತಿಳಿಯುತ್ತದೆ.

ವಾಸ್ಕೋ ಡ ಗಾಮಾನ ಚಿತ್ರದಲ್ಲಿ ಹೆಂಗಸೊಬ್ಬರು ಅವನ ವೇಷ ಹಾಕಿದ್ದೇಕೆ? (ಕಾರವಾರದ ನಿವೃತ್ತ ಅಧಿಕಾರಿ)

ಮೂಲ ಒಂದು ತೈಲಚಿತ್ರ. ವಾಸ್ಕೋ ಕೋಳಿಕೋಡಿಗೆ ಬಂದದ್ದು ಮೇ 1498. ಅದರ 400ನೇ ವರ್ಷ, 1898ರಲ್ಲಿ, ಜೋಸೆ ವೆಲೋಸೊ ಸಲ್ಗಾಡೊ ಪೋರ್ಚುಗಲ್ಲಿನಲ್ಲಿ ಅದನ್ನು ಬರೆದ. ಕೋಳಿಕೋಡಿನ ದೊರೆ ಸಾಮೂದಿರಿಯ ಆಸ್ಥಾನದಲ್ಲಿ ವಾಸ್ಕೋ ಬೀಗಿ ನಿಂತಿದ್ದಾನೆ. ಆದರೆ ಆ ಪ್ರಯಾಣದ ಪೋರ್ಚುಗೀಸ್ ದಿನಚರಿಯೇ ಬೇರೆ ಹೇಳುತ್ತದೆ. ಅವನು ರಾಜನಿಗೆ ತಂದ ಕಾಣಿಕೆ: 12 ತುಂಡು ಪಟ್ಟೆ ಬಟ್ಟೆ, 4 ಕೆಂಪು ಕುಲಾವಿ, 6 ಟೋಪಿ, 4 ಎಳೆ ಹವಳ, 6 ಕೈತೊಳೆಯುವ ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, 2 ಪೀಪಾಯಿ ಎಣ್ಣೆ, 2 ಪೀಪಾಯಿ ಜೇನು. ನೋಡಿದ ಅಧಿಕಾರಿಗಳು ನಕ್ಕರು, ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ತರುತ್ತಾನೆ ಎಂದರು. ನಾನೂರು ವರ್ಷದ ಮೇಲೆ ಬಂದ ಚಿತ್ರ ಆ ನಗುವನ್ನು ಅಳಿಸಿಹಾಕಿತು.

ಪುಷ್ಪಮಾಲಾ 2014ರ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೆ ಅದೇ ಚಿತ್ರವನ್ನು ಪರದೆ, ವೇಷ, ಗೆಳೆಯರ ಬಳಗದೊಂದಿಗೆ ಕಟ್ಟಿದರು, ವಾಸ್ಕೋ ತಾವೇ ಆದರು. ಸಲ್ಗಾಡೊ ಭಾರತದ ಆಸ್ಥಾನವನ್ನು ಕಲ್ಪಿಸಿಕೊಂಡು ಬರೆದಿದ್ದ. ಇಲ್ಲಿ ಅದೇ ಕಲ್ಪನೆ ಭಾರತದ ಹೆಂಗಸೊಬ್ಬಳ ಕೈಗೆ ಬಂದಿದೆ, ವಾಸ್ಕೋನನ್ನು ಈಗ ಅವಳು ಕಲ್ಪಿಸಿಕೊಳ್ಳುತ್ತಾಳೆ. ನಿಮ್ಮೂರಿಗೂ ಇದರ ಎಳೆ ಇದೆ. ಹಿಂತಿರುಗುವಾಗ ವಾಸ್ಕೋನ ಹಡಗುಗಳು ತಂಗಿದ್ದು ನಿಮ್ಮ ಕಡಲ ತೀರಕ್ಕೆ ಕಾಣುವ ಅಂಜದೀವ್ ದ್ವೀಪದಲ್ಲಿ.

ಇಂಥ ಗುಂಪಿನ ಚಿತ್ರ ತೆಗೆಯುವವರಿಗೆ ಒಂದು ಸೂಚನೆ. ಹದಿನೈದು ಜನರನ್ನು ಒಮ್ಮೆಗೇ ನಿಲ್ಲಿಸಬೇಡಿ. ಮೂಲಚಿತ್ರದ ಮೇಲೆ 3 ಅಡ್ಡ, 3 ಉದ್ದ ಗೆರೆ ಎಳೆದು 16 ಭಾಗ ಮಾಡಿ. ಅಷ್ಟೇ ಭಾಗಗಳನ್ನು ಕ್ಯಾಮೆರಾದ ಪರದೆಯ ಮೇಲೂ ಪಾರದರ್ಶಕ ಹಾಳೆಯಲ್ಲಿ ಅಂಟಿಸಿ. ಮೊದಲು ಮುಖ್ಯ ಇಬ್ಬರು, ಆಮೇಲೆ ಹಿಂದಿನ ಸಾಲು, ಕೊನೆಗೆ ಮುಂದಿನ ಅಂಚು. ಪ್ರತಿಯೊಬ್ಬರ ಕಾಲಿನ ಜಾಗಕ್ಕೆ ನೆಲದಲ್ಲಿ ಟೇಪು. ಮಧ್ಯೆ ಚಹಾಕ್ಕೆ ಹೋದವರು ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಇಷ್ಟೆಲ್ಲ ಯಾಕೆ? ಕಂಪ್ಯೂಟರಿನಲ್ಲಿ ಮೂಲಚಿತ್ರಕ್ಕೆ ನಮ್ಮ ಮುಖ ಅಂಟಿಸಿದರೆ ಸಾಲದೇ? (ಬೆಂಗಳೂರು)

ಅಂಟಿಸಬಹುದು, ಹತ್ತು ನಿಮಿಷದ ಕೆಲಸ. ಆದರೆ ಅಭಯಹಸ್ತವನ್ನು ಹತ್ತು ನಿಮಿಷ ಎತ್ತಿ ಹಿಡಿದವರಿಗೆ ತೋಳು ನೋಯುತ್ತದೆ, ಆ ಭಂಗಿಯಲ್ಲಿ ಯಾರೂ ಬದುಕಲಾರರು ಎಂದು ಮೈಗೆ ಗೊತ್ತಾಗುತ್ತದೆ. ಅಂಟಿಸಿದ ಮುಖಕ್ಕೆ ಅದು ಗೊತ್ತಾಗುವುದಿಲ್ಲ, ನೋಡುವವರಿಗೂ ತಲುಪುವುದಿಲ್ಲ.

ಪುಷ್ಪಮಾಲಾ ಅವರ ‘ಸುನೆಹ್ರೆ ಸಪ್ನೆ’ ಸರಣಿಯಂತೆ ಕಪ್ಪುಬಿಳುಪು ಫೋಟೊಗೆ ಕೈಯಲ್ಲಿ ಬಣ್ಣ ಹಚ್ಚಬೇಕು. ಅಜ್ಜಿಯ ಫೋಟೊಗೆ ಹಚ್ಚಿ ನೋಡಿದೆ, ಬಣ್ಣ ನಿಲ್ಲಲಿಲ್ಲ. (ಶಿವಮೊಗ್ಗದ ಓದುಗರು)

ಅಜ್ಜಿಯ ಮೂಲ ಪ್ರತಿಗೆ ಇನ್ನು ಕೈ ಹಚ್ಚಬೇಡಿ. ಸ್ಕ್ಯಾನ್ ಮಾಡಿಸಿ, ಹೊಸ ಪ್ರತಿಯ ಮೇಲೆ ಕೆಲಸ ಮಾಡಿ. ಬಣ್ಣ ನಿಲ್ಲದಿರಲು ಕಾರಣ ಕಾಗದ. ಈಗಿನ ಲ್ಯಾಬುಗಳ ಫೋಟೊ ಕಾಗದಕ್ಕೆ ಪ್ಲಾಸ್ಟಿಕ್ ಲೇಪ ಇರುತ್ತದೆ, ನಯವಾದ ಮೇಲ್ಮೈಗೆ ಬಣ್ಣ ಹಿಡಿಯಲು ಆಸರೆಯೇ ಇಲ್ಲ. ಹಿಂದಿನ ಸ್ಟುಡಿಯೋದವರು ಹೊಳಪಿಲ್ಲದ ಫೈಬರ್ ಕಾಗದ ಬಳಸುತ್ತಿದ್ದರು. ನೀವು ಹೊಳಪಿಲ್ಲದ ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿಕೊಳ್ಳಿ. ಡೈ ಶಾಯಿಯಾದರೆ ಒದ್ದೆ ಹತ್ತಿ ತಗುಲಿದ ಕೂಡಲೇ ಹರಡುತ್ತದೆ. ಮುದ್ರಣ ಮಾಮೂಲಿಗಿಂತ ತುಸು ತಿಳಿಯಾಗಿರಲಿ, ಪಾರದರ್ಶಕ ಬಣ್ಣ ಕಪ್ಪಿನ ಮೇಲೆ ಕಾಣುವುದಿಲ್ಲ. ಕಂದು ಛಾಯೆ ಕೊಟ್ಟರೆ ಮೈಬಣ್ಣಕ್ಕೆ ಒಳ್ಳೆಯ ತಳಹದಿ.

ಮುದ್ರಣವಾದ ಮೇಲೆ ಒಂದು ದಿನ ಹಾಗೇ ಬಿಡಿ. ಪಾರದರ್ಶಕ ತೈಲವರ್ಣವನ್ನು ಕಡಲೆಬೇಳೆಯಷ್ಟು ತೆಗೆದುಕೊಂಡು, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಹಚ್ಚಿ, ಒಣಹತ್ತಿಯಲ್ಲಿ ಉಜ್ಜಿ ತೆಗೆಯುತ್ತ ಬನ್ನಿ. ಉಳಿದದ್ದೇ ಬಣ್ಣ. ಹಿನ್ನೆಲೆ ಮೊದಲು, ಆಮೇಲೆ ಮುಖ, ಆಮೇಲೆ ಸೀರೆ, ತುಟಿ ಮತ್ತು ಒಡವೆ ಕೊನೆಗೆ. ಒಡವೆಯ ಹಳದಿಗೆ ಸಣ್ಣ ಕುಂಚ, ಒಂದೇ ಚುಕ್ಕಿ. ಕಣ್ಣಿನ ಬಿಳಿಗೆ ಏನನ್ನೂ ಹಚ್ಚಬೇಡಿ. ತಪ್ಪಿದರೆ ಒಂದು ಹನಿ ಟರ್ಪೆಂಟೈನಿನಲ್ಲಿ ಒರೆಸಬಹುದು, ಆದರೆ ಅದೇ ಜಾಗವನ್ನು ಮೂರನೇ ಸಲ ಒರೆಸಿದರೆ ಕಾಗದದ ಮೇಲ್ಪದರ ಎದ್ದುಬರುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ತೈಲವರ್ಣ ಒಣಗಲು ವಾರ ಮೀರುತ್ತದೆ. ಅಲ್ಲಿಯವರೆಗೆ ಗಾಜಿನ ಚೌಕಟ್ಟು ಹಾಕಿಸಬೇಡಿ. ಹಾಕಿಸುವಾಗಲೂ ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ದಪ್ಪ ರಟ್ಟಿನ ಅಂಚು ಇರಿಸಲು ಹೇಳಿ, ಮತ್ತು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅಜ್ಜಿಯ ಹೆಸರು, ಊರು, ಮೂಲ ಫೋಟೊ ತೆಗೆದ ವರ್ಷ, ಬಣ್ಣ ಹಚ್ಚಿದ ವರ್ಷ ಬರೆದಿಡಿ.